ಉದ್ದ ಬೆನ್ನಿನ ನಾಯಿಗೆ ಬರುವ ಬೆನ್ನುಬೇನೆ: ಗುರುತು ಮತ್ತು ಉಪಚಾರ

ರಾಯದುರ್ಗ, ಮಡಕಶಿರಾ ಸೀಮೆಯ ರೈತನಿಗೆ ನಾಯಿ ಹೊಸದಲ್ಲ. ಕುರಿಹಟ್ಟಿಯ ಕಾವಲಿಗೆ, ಶೇಂಗಾ ಹೊಲಕ್ಕೆ ಬೀಳುವ ಹಂದಿಯನ್ನು ಅಟ್ಟುವುದಕ್ಕೆ, ಕಣದ ರಾಶಿ ಕಾಯುವುದಕ್ಕೆ ನಾಟಿ ನಾಯಿ ತಲೆಮಾರುಗಳಿಂದ ನಮ್ಮ ಜೊತೆಗಿದೆ. ಈಚಿನ ವರುಷಗಳಲ್ಲಿ ಪಟ್ಟಣದ ಮನೆಗಳಿಗೂ ತೋಟದ ಮನೆಗಳಿಗೂ ಇನ್ನೊಂದು ಜಾತಿಯ ನಾಯಿ ಬಂದು ಸೇರುತ್ತಿದೆ. ಮೈ ಉದ್ದ, ಕಾಲು ಗಿಡ್ಡ, ಕಿವಿ ಜೋಲು. ದನಿ ಮಾತ್ರ ದೊಡ್ಡದು. ಇದೇ ಡ್ಯಾಶ್‌ಹಂಡ್. ತಿನ್ನುವುದು ಕಡಿಮೆ, ಬೊಗಳುವುದು ಜೋರು ಎಂದು ಜನ ಮೆಚ್ಚಿ ಮರಿ ತರುತ್ತಾರೆ. ಆದರೆ ಈ ಜಾತಿಗೆ ಹುಟ್ಟಿನಿಂದಲೇ ಅಂಟಿಬಂದ ಬೆನ್ನುಬೇನೆಯೊಂದಿದೆ ಎಂಬುದನ್ನು ಮಾರುವವರು ಹೇಳುವುದು ಅಪರೂಪ. ನಿನ್ನೆ ಕುಣಿದಾಡುತ್ತಿದ್ದ ನಾಯಿ ಇಂದು ಹಿಂಗಾಲು ಎಳೆಯುತ್ತಿದ್ದರೆ ಮನೆಯವರು ದಿಕ್ಕು ಕಾಣದಾಗುತ್ತಾರೆ. ಅಂಥ ಹೊತ್ತಿನಲ್ಲಿ ಏನು ಮಾಡಬೇಕು, ಏನು ಮಾಡಕೂಡದು ಎಂಬುದನ್ನು ಮೊದಲೇ ಅರಿತಿರುವುದು ಲೇಸು.

ಬೇನೆ ಬರುವುದೇಕೆ?

ಡ್ಯಾಶ್‌ಹಂಡ್ ಜರ್ಮನಿಯ ಬೇಟೆನಾಯಿ. ಬಿಲದೊಳಗೆ ನುಗ್ಗಿ ಬ್ಯಾಡ್ಜರ್ ಎಂಬ ಪ್ರಾಣಿಯನ್ನು ಹಿಡಿಯಲೆಂದು ಗಿಡ್ಡ ಕಾಲಿನವನ್ನೇ ಆರಿಸಿ ಆರಿಸಿ ಬೆಳೆಸಿದ ತಳಿ. ಬೆನ್ನುಮಣಿಗಳ ನಡುವೆ ಮೆತ್ತೆಯಂಥ ಬಿಲ್ಲೆಗಳಿರುತ್ತವೆ. ಬಿಲ್ಲೆಯ ಹೊರಭಾಗ ನಾರಿನ ಉಂಗುರ, ಒಳಗೆ ಲೋಳೆಯಂಥ ತಿರುಳು. ನಾಯಿ ಹಾರಿದಾಗ, ಓಡಿದಾಗ ಬೀಳುವ ಪೆಟ್ಟನ್ನು ಈ ತಿರುಳು ತಡೆಯುತ್ತದೆ. ಡ್ಯಾಶ್‌ಹಂಡ್‌ನಲ್ಲಿ ಇದು ಮೊದಲನೆಯ ವರುಷದಿಂದಲೇ ಒಣಗಿ, ಸುಣ್ಣಗಟ್ಟಿ ಗಡುಸಾಗತೊಡಗುತ್ತದೆ. ಮುಂದೊಂದು ದಿನ ಉಂಗುರ ಹರಿದು ಗಡುಸಾದ ತಿರುಳು ಮೇಲಕ್ಕೆ ಚಿಮ್ಮಿ ಬೆನ್ನುಹುರಿಯನ್ನು ಒತ್ತುತ್ತದೆ. ಸ್ವೀಡನ್ನಿನ ಹ್ಯಾನ್ಸೆನ್ ಎಂಬ ವಿದ್ವಾಂಸರು 1950ರ ದಶಕದ ಆರಂಭದಲ್ಲಿಯೇ ಇದನ್ನು ವಿವರಿಸಿದ್ದರು. ಕಾಲು ಗಿಡ್ಡವಾಗಿಸುವುದರಲ್ಲಿ ಪಾಲಿರುವ ಜೀನೊಂದೇ ಬಿಲ್ಲೆಯನ್ನೂ ಕೆಡಿಸುತ್ತದೆಂದು 2017ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್ ಶಾಖೆಯ ಸಂಶೋಧಕರು ತೋರಿಸಿದರು.

ಹೀಗಾಗಿ ಇದು ದೃಷ್ಟಿಯೂ ಅಲ್ಲ, ಗಾಳಿಯೂ ಅಲ್ಲ; ಸಾಕಿದವರ ತಪ್ಪೂ ಅಲ್ಲ. ಈ ಜಾತಿಯಲ್ಲಿ ನಾಲ್ಕೈದು ನಾಯಿಗಳಲ್ಲಿ ಒಂದಕ್ಕೆ ಜೀವಮಾನದಲ್ಲಿ ಒಮ್ಮೆಯಾದರೂ ಬೇನೆ ಕಾಣಿಸುತ್ತದೆ. ಮೂರರಿಂದ ಏಳು ವರುಷದ ಪ್ರಾಯದಲ್ಲಿ ಹೆಚ್ಚು.

ಗುರುತುಗಳು

ಮೊದಲಿಗೆ ನಾಯಿ ಜಗಲಿ ಹತ್ತಲು, ಮಂಚಕ್ಕೆ ನೆಗೆಯಲು ಹಿಂಜರಿಯುತ್ತದೆ. ಬೆನ್ನು ಗೂನಾಗುತ್ತದೆ, ಹೊಟ್ಟೆ ಮುಟ್ಟಿದರೆ ಬಿಗಿಯಾಗಿರುತ್ತದೆ. ಎತ್ತಿಕೊಂಡರೆ ಕುಂಯ್ಗುಡುತ್ತದೆ. ನಡುಕವಿರಬಹುದು. ಇದನ್ನು ಹೊಟ್ಟೆನೋವೆಂದು ಬಗೆದು ಓಮದ ನೀರು ಕುಡಿಸಿ ಸುಮ್ಮನಾಗುವುದುಂಟು. ಕುತ್ತಿಗೆಯ ಬಿಲ್ಲೆ ಕೆಟ್ಟಿದ್ದರೆ ನಾಯಿ ತಲೆ ತಗ್ಗಿಸಿ, ಕತ್ತು ತಿರುಗಿಸದೆ ಕಣ್ಣಷ್ಟೇ ಹೊರಳಿಸಿ ನೋಡುತ್ತದೆ.

ಎರಡನೆಯ ಹಂತದಲ್ಲಿ ನಡೆ ತೂರಾಡುತ್ತದೆ. ಹಿಂಗಾಲು ಒಂದಕ್ಕೊಂದು ತೊಡರುತ್ತವೆ. ಪಾದ ಮಗುಚಿಕೊಂಡು ಬೆರಳಿನ ಮೇಲ್ಭಾಗ ನೆಲಕ್ಕೆ ಉಜ್ಜುತ್ತದೆ. ಮೂರನೆಯ ಹಂತದಲ್ಲಿ ಏಳಲಾರದೆ ಸೊಂಟವನ್ನು ಎಳೆಯುತ್ತದೆ. ಮೂತ್ರದ ಹಿಡಿತ ತಪ್ಪುತ್ತದೆ. ಕಟ್ಟಕಡೆಗೆ ಹಿಂಗಾಲಿನ ಬೆರಳನ್ನು ಬಲವಾಗಿ ಚಿವುಟಿದರೂ ನಾಯಿಗೆ ನೋವಿನ ಅರಿವೇ ಇರುವುದಿಲ್ಲ. ಈ ಪರೀಕ್ಷೆಯನ್ನು ವೈದ್ಯರೇ ಮಾಡತಕ್ಕದ್ದು. ಕಾಲು ತಾನಾಗಿ ಹಿಂದಕ್ಕೆ ಸರಿದರೆ ಸಾಲದು; ನಾಯಿ ತಿರುಗಿ ನೋಡಬೇಕು ಇಲ್ಲವೆ ಕೂಗಬೇಕು. ಆಗಲೇ ಅರಿವಿದೆಯೆಂದು ಅರ್ಥ. ಈ ಹಂತಗಳು ವಾರಗಟ್ಟಲೆ ಹಿಡಿಯಬಹುದು. ಒಂದೇ ರಾತ್ರಿಯಲ್ಲಿಯೂ ಮುಗಿಯಬಹುದು.

ಒಂದು ಎಚ್ಚರಿಕೆ. ಹುಚ್ಚುನಾಯಿ ರೋಗದಲ್ಲಿಯೂ ಕಾಲು ಸೋಲುವುದುಂಟು. ದವಡೆ ಜೋತುಬಿದ್ದು, ಜೊಲ್ಲು ಸುರಿದು, ನುಂಗಲಾರದೆ, ಸ್ವಭಾವ ಬದಲಾಗಿದ್ದರೆ ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕಲೇಕೂಡದು. ದೂರವಿರಿಸಿ ವೈದ್ಯರಿಗೆ ತಿಳಿಸಿರಿ. ಕಚ್ಚಿದ್ದರೆ, ಪರಚಿದ್ದರೆ ಇಲ್ಲವೆ ಜೊಲ್ಲು ಗಾಯಕ್ಕೆ ತಾಗಿದ್ದರೆ ಸಾಬೂನು ಹಾಕಿ ಹದಿನೈದು ನಿಮಿಷ ನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು.

ಕೂಡಲೆ ಮಾಡತಕ್ಕದ್ದು

ಮೊದಲ ಗುರುತು ಕಂಡ ಗಳಿಗೆಯಲ್ಲಿಯೇ ನಾಯಿಯ ಓಡಾಟ ನಿಲ್ಲಿಸಿರಿ. ಎದ್ದು ನಿಂತು ತಿರುಗುವಷ್ಟೇ ಜಾಗವಿರುವ ಗೂಡು ಅಥವಾ ಮರದ ಪೆಟ್ಟಿಗೆ ಸಾಕು. ಕೆಳಗೆ ಗೋಣಿಚೀಲ ಮಡಿಸಿ ಹಾಸಿರಿ. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಸೊಂಟದ ಕೆಳಗೆ ಇರಲಿ, ಬೆನ್ನು ನೇರವಾಗಿರಲಿ. ನೋವಿನಲ್ಲಿರುವ ನಾಯಿ ಯಜಮಾನನನ್ನೂ ಕಚ್ಚೀತು. ದವಾಖಾನೆಗೆ ಒಯ್ಯುವಾಗ ಹಲಗೆಯ ಮೇಲೆ ಮಲಗಿಸಿ ಒಯ್ಯುವುದು ಉತ್ತಮ.

ನಡೆಯಬಲ್ಲ ನಾಯಿಗೆ ಗೂಡಿನ ವಿಶ್ರಾಂತಿಯೇ ಮುಖ್ಯ ಔಷಧ. ಕಡಿಮೆಯೆಂದರೆ ನಾಲ್ಕು ವಾರ ಬೇಕು. ಮಲಮೂತ್ರಕ್ಕೆ ಮಾತ್ರ ಹಗ್ಗ ಹಿಡಿದು ಹೊರಗೆ ತರತಕ್ಕದ್ದು. ವೈದ್ಯರು ಕೊಟ್ಟ ನೋವಿನ ಔಷಧದಿಂದ ಎರಡೇ ದಿನದಲ್ಲಿ ನಾಯಿ ಗೆಲುವಾಗಬಹುದು. ಮನೆಯವರು ಮೋಸಹೋಗುವುದು ಇಲ್ಲಿಯೇ. ನೋವು ಹೋಗಿದೆಯೇ ಹೊರತು ಹರಿದ ಉಂಗುರ ಕೂಡಿಲ್ಲ. ಆಗ ಬಿಟ್ಟರೆ ಒಂದು ನೆಗೆತಕ್ಕೆ ಕಾಲು ಪೂರ್ತಿ ಹೋದೀತು.

ಮಾಡಕೂಡದ್ದು

ಎಣ್ಣೆ ಹಚ್ಚಿ ಬೆನ್ನು ನೀವುವುದು, ಸೊಂಟ ಎಳೆಯುವುದು, ಕಟ್ಟು ಕಟ್ಟಿಸುವುದು, ಬರೆ ಹಾಕುವುದು ಯಾವುದೂ ಸಲ್ಲದು. ಇಲ್ಲಿ ಮುರಿದ ಎಲುಬಿಲ್ಲ. ಕಟ್ಟಿನಿಂದ ಕೂಡುವಂಥದೂ ಇಲ್ಲ. ನೀವಿದಷ್ಟೂ ತಿರುಳು ಒಳಗೆ ಒತ್ತುವ ಭಯವಿದೆ. ಮನುಷ್ಯರ ನೋವಿನ ಗುಳಿಗೆಗಳಾದ ಐಬುಪ್ರೊಫೆನ್, ಡೈಕ್ಲೋಫೆನಾಕ್, ಪ್ಯಾರಾಸಿಟಮಾಲ್‌ಗಳನ್ನು ಕೇಳದೆ ಕೊಟ್ಟರೆ ನಾಯಿಯ ಹೊಟ್ಟೆ, ಮೂತ್ರಪಿಂಡ, ಯಕೃತ್ತು ಕೆಟ್ಟು ಪ್ರಾಣಕ್ಕೆ ಅಪಾಯ. ಮೊದಲೇ ಏನಾದರೂ ಔಷಧ ಕೊಟ್ಟಿದ್ದರೆ ವೈದ್ಯರಿಂದ ಮುಚ್ಚಿಡಬೇಡಿರಿ. ಸ್ಟೀರಾಯ್ಡ್ ಮತ್ತು ಬೇರೆ ನೋವಿನ ಔಷಧ ಒಟ್ಟಿಗೆ ಬಿದ್ದರೆ ಕರುಳು ಹುಣ್ಣಾಗುತ್ತದೆ.

ಎಲ್ಲಿಗೆ ಒಯ್ಯಬೇಕು?

ಮೊದಲು ಊರಿನ ಪಶುವೈದ್ಯರ ಬಳಿಗೆ. ನಾಯಿ ನಡೆಯಲಾರದಾಗಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಅಂದೇ ಆಗಬೇಕು. ನೋವಿನ ಅರಿವು ಉಳಿದಿರುವಾಗ ಶಸ್ತ್ರಚಿಕಿತ್ಸೆಯಾದರೆ ಹತ್ತರಲ್ಲಿ ಒಂಬತ್ತು ನಾಯಿಗಳು ಮತ್ತೆ ನಡೆಯುತ್ತವೆ. ಅರಿವು ಹೋದ ಮೇಲೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ; ಶಸ್ತ್ರಚಿಕಿತ್ಸೆಯೂ ಇಲ್ಲದಿದ್ದರೆ ಇನ್ನೂ ಕಡಿಮೆ. ಬರಿಯ ಎಕ್ಸರೇಯಲ್ಲಿ ಬೆನ್ನುಹುರಿ ಕಾಣದು, ಎಂ.ಆರ್.ಐ. ಅಥವಾ ಸಿ.ಟಿ. ಬೇಕು. ನಮ್ಮ ತಾಲ್ಲೂಕುಗಳಲ್ಲಿ ಇದು ಆಗುವ ಕೆಲಸವಲ್ಲ.

ಇಲ್ಲಿ ಗಡಿಯ ಲೆಕ್ಕ ಹಾಕುತ್ತ ಕೂಡಬಾರದು. 1953ರಲ್ಲಿ ರಾಯದುರ್ಗ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿತು. 2022ರಲ್ಲಿ ಮಡಕಶಿರಾ ಅನಂತಪುರ ಜಿಲ್ಲೆಯಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಆದರೆ ದಾರಿಯ ದೂರ ಬದಲಾಗಿಲ್ಲ. ರಾಯದುರ್ಗಕ್ಕೆ ಅನಂತಪುರಕ್ಕಿಂತ ಬಳ್ಳಾರಿ ಹತ್ತಿರ. ಮಡಕಶಿರಾದವರಿಗೆ 1955ರ ತಿರುಪತಿ ಪಶುವೈದ್ಯ ಕಾಲೇಜಿಗಿಂತ 1958ರಲ್ಲಿ ಆರಂಭವಾದ ಬೆಂಗಳೂರಿನ ಹೆಬ್ಬಾಳದ ಕಾಲೇಜು ಹತ್ತಿರ. ಹೊರಡುವ ಮುನ್ನ ಫೋನು ಮಾಡಿ, ಬೆನ್ನಿನ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ಅಂದು ಇದ್ದಾರೆಯೇ, ಖರ್ಚೆಷ್ಟು ಎಂದು ಕೇಳಿಕೊಳ್ಳಿರಿ.

ಖರ್ಚು ದೊಡ್ಡದು, ಎಲ್ಲರಿಗೂ ಸಾಧ್ಯವಿಲ್ಲ. ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಅರಿವು ಉಳಿದಿರುವ ನಾಯಿ ವಿಶ್ರಾಂತಿಯಿಂದಲೂ ಚೇತರಿಸಿಕೊಳ್ಳುವುದುಂಟು. ನಿಧಾನವಾಗುತ್ತದೆ, ಭರವಸೆ ಕಡಿಮೆ. ಅಂಥ ನಾಯಿಯ ಮೂತ್ರಚೀಲವನ್ನು ದಿನಕ್ಕೆ ಮೂರು ನಾಲ್ಕು ಸಲ ಕೈಯಿಂದ ಒತ್ತಿ ಬರಿದು ಮಾಡಬೇಕು. ಈ ಕೈಚಳಕವನ್ನು ವೈದ್ಯರಿಂದ ಕಲಿತುಕೊಳ್ಳಿರಿ. ಹನಿ ಹನಿ ಸೋರುವುದನ್ನು ಕಂಡು ಮೂತ್ರವಾಯಿತೆಂದು ತಿಳಿಯಬಾರದು. ಚೀಲ ತುಂಬಿ ಚೆಲ್ಲುವುದೂ ಹಾಗೆಯೇ ಕಾಣುತ್ತದೆ. ಮಗ್ಗುಲು ಬದಲಿಸಿ, ಮೈ ಒಣಗಿಸಿ, ಹುಣ್ಣಾಗದಂತೆ ನೋಡಿಕೊಳ್ಳಿರಿ. ಕಾಲು ಮರಳದಿದ್ದರೂ ಗಾಲಿಗಾಡಿ ಕಟ್ಟಿಸಿಕೊಂಡು ವರುಷಗಟ್ಟಲೆ ಸುಖವಾಗಿ ಬದುಕುವ ನಾಯಿಗಳಿವೆ.

ಮುಂಜಾಗರೂಕತೆ

ನಾಯಿಯನ್ನು ದಪ್ಪವಾಗಲು ಬಿಡಬೇಡಿರಿ. ಪಕ್ಕೆಲುಬು ಕೈಗೆ ಸಿಗುವಂತಿರಲಿ. ಕೊರಳಪಟ್ಟಿಯ ಬದಲು ಎದೆಪಟ್ಟಿ ಹಾಕಿರಿ. ಮಂಚ, ಕಟ್ಟೆಗಳಿಂದ ಹಾರಲು ಬಿಡದೆ ಇಳಿಜಾರಾಗಿ ಹಲಗೆ ಇಡಿರಿ. ಆದರೆ ಸದಾ ಕಟ್ಟಿಹಾಕಬೇಡಿರಿ. ನಿತ್ಯದ ನಡಿಗೆಯಿಂದ ಬೆನ್ನಿನ ಸ್ನಾಯು ಗಟ್ಟಿಯಾಗುತ್ತದೆ. ಮರಿ ಕೊಳ್ಳುವಾಗ ತಂದೆತಾಯಿ ನಾಯಿಗಳಿಗೆ ಈ ಬೇನೆ ಬಂದಿತ್ತೇ ಎಂದು ಕೇಳಿರಿ. ಡೆನ್ಮಾರ್ಕ್, ಫಿನ್‌ಲೆಂಡ್ ದೇಶಗಳಲ್ಲಿ ಬೆನ್ನಿನ ಎಕ್ಸರೇ ತೆಗೆದು, ಸುಣ್ಣಗಟ್ಟಿದ ಬಿಲ್ಲೆಗಳನ್ನು ಎಣಿಸಿ, ಕಡಿಮೆ ಇರುವ ನಾಯಿಗಳನ್ನೇ ತಳಿಗೆ ಬಳಸುತ್ತಾರೆ. ಬೇನೆ ಬಂದುಹೋದ ನಾಯಿಯಿಂದ ಮರಿ ಮಾಡಿಸುವುದನ್ನು ನಾವಾದರೂ ಬಿಡಬಹುದು.

ಎತ್ತು ಕುಂಟಿದರೆ ರೈತ ಅಂದೇ ನೊಗ ಇಳಿಸುತ್ತಾನೆ. ಬಾಗಿಲು ಕಾಯುವ ಈ ಗಿಡ್ಡ ಕಾಲಿನ ನಾಯಿ ಜಗಲಿ ಹತ್ತಲು ಹಿಂಜರಿದ ದಿನವೂ ಅದೇ ವಿವೇಕ ಬೇಕು. ಅಂದೇ ಗೂಡಿಗೆ ಹಾಕಿ ವೈದ್ಯರಿಗೆ ತೋರಿಸಿದರೆ ಬಹುಪಾಲು ನಾಯಿಗಳು ಕಾಲು ಕಳೆದುಕೊಳ್ಳದೆ ಉಳಿಯುತ್ತವೆ.