ಹಳೇ ಕಾರು, 14 ಸಾವಿರ ಕಿಲೋಮೀಟರ್: ಡಿಕ್ಕಿಯಲ್ಲಿ ಏನಿಡೋದು?

ಬೀಜಿಂಗ್‌ನಿಂದ ಪ್ಯಾರಿಸ್‌ಗೆ ರಸ್ತೆ ಮೇಲೆ ಹೋಗೋ ಒಂದು ರ‍್ಯಾಲಿ ಇದೆ. ಹೆಸರು ಪೀಕಿಂಗ್ ಟು ಪ್ಯಾರಿಸ್. ದೂರ ಹೆಚ್ಚೂಕಡಿಮೆ 14,000 ಕಿ.ಮೀ., ಬೇಕಾಗೋದು ಐದು ವಾರ. ಹೊಸ ಕಾರಿಗೆ ಪ್ರವೇಶ ಇಲ್ಲ. ನಮ್ಮ ಅಜ್ಜಂದಿರ ಕಾಲದ ಕಾರುಗಳೇ ಬರಬೇಕು, ಅವರ ಅಪ್ಪಂದಿರ ಕಾಲದ್ದೂ ಬರುತ್ತವೆ. ಅದರಲ್ಲಿ ಭಾಗವಹಿಸೋಷ್ಟು ದುಡ್ಡು ನಮ್ಮಲ್ಲಿ ಯಾರ ಹತ್ರಾನೂ ಇಲ್ಲ ಬಿಡಿ. ಆದ್ರೆ ಆ ಕಾರುಗಳನ್ನ ಹೇಗೆ ಸಿದ್ಧ ಮಾಡ್ತಾರೆ ಅಂತ ಓದ್ತಾ ಹೋದ ಹಾಗೆ, ನಾಲ್ಕು ಸೆಮಿಸ್ಟರ್‌ನಲ್ಲಿ ಬೇರೆ ಬೇರೆಯಾಗಿ ಕಲಿತ ಪಾಠಗಳೆಲ್ಲ ಒಂದೇ ಬಾನೆಟ್ ಕೆಳಗೆ ಕೂತಿರೋದು ನಮಗೆ ಕಾಣಿಸ್ತು.

ರ‍್ಯಾಲಿ ಕಾರು ಅಂದ ತಕ್ಷಣ ನಮ್ಮ ತಲೆಗೆ ಬರೋದು ದೊಡ್ಡ ಕಾರ್ಬುರೇಟರ್, ಜೋರು ಸದ್ದು, ಹೆಚ್ಚು ಹಾರ್ಸ್‌ಪವರ್. ಇಲ್ಲಿ ಅದ್ಯಾವುದೂ ಮುಖ್ಯ ಅಲ್ಲ. ಇಲ್ಲಿನ ತಯಾರಿ ಎಲ್ಲ ಒಂದೇ ಜಗ್ಗಾಟ: ದಾರಿಯಲ್ಲಿ ಏನಾದ್ರೂ ಮುರಿದರೆ ಅಂತ ಸಾಮಾನು ಹೊತ್ತುಕೊಂಡು ಹೋಗಬೇಕು, ಆದ್ರೆ ಹೊತ್ತ ಆ ಸಾಮಾನಿನ ತೂಕವೇ ಕಾರನ್ನ ಮುರಿಯುತ್ತೆ.

ಇದು ಮೊದಲ ಓಟದಲ್ಲೇ ಕಂಡಿತ್ತು. 1907ರಲ್ಲಿ ಪ್ಯಾರಿಸ್‌ನ ‘ಲೆ ಮತಾಂ’ ಪತ್ರಿಕೆ ಕೊಟ್ಟ ಸವಾಲಿಗೆ ಓಗೊಟ್ಟು ಜೂನ್ 10ರಂದು ಐದು ವಾಹನ ಪೀಕಿಂಗ್‌ನಿಂದ ಹೊರಟವು. ತೀರಾ ಹಗುರ ಇದ್ದದ್ದು ಕೊಂಟಾಲ್ ಅನ್ನೋ ಮೂರು ಚಕ್ರದ ಗಾಡಿ. ಅದು ಗೋಬಿ ಮರುಭೂಮಿಯಲ್ಲೇ ನಿಂತುಹೋಯಿತು. ಗೆದ್ದದ್ದು ಇಟಲಿಯ ರಾಜಕುಮಾರ ಸಿಪಿಯೋನೆ ಬೋರ್ಗೀಸೆ, 7 ಲೀಟರಿಗೂ ದೊಡ್ಡ ಎಂಜಿನ್‌ನ ಇಟಾಲಾ ಕಾರಿನಲ್ಲಿ. ಅಂದ್ರೆ ಭಾರದ ಕಾರೇ ಗೆದ್ದಿತು, ನಮ್ಮ ವಾದ ಬಿದ್ದುಹೋಯ್ತು ಅಂತೀರಾ? ಪೂರ್ತಿ ಬಿದ್ದಿಲ್ಲ. ಬೋರ್ಗೀಸೆ ಪೆಟ್ರೋಲನ್ನ ಒಂಟೆಗಳ ಮೇಲೆ ಮೊದಲೇ ಕಳಿಸಿ ದಾರಿಯುದ್ದಕ್ಕೂ ಇಡಿಸಿದ್ದ. ಕಾರಿನಷ್ಟೇ ಅಗಲದ ಬಿದಿರು ಕೋಲು ಹಿಡಿದು ಕುದುರೆ ಮೇಲೆ ಹೋಗಿ, ಪೀಕಿಂಗ್ ಆಚೆಯ ಕಣಿವೆದಾರಿಯಲ್ಲಿ ಕಾರು ತೂರುತ್ತಾ ಅಂತ ಅಳೆದು ಬಂದಿದ್ದ. ಮಡ್‌ಗಾರ್ಡ್ ಜಾಗದಲ್ಲಿ ಉದ್ದನೆ ಕಬ್ಬಿಣದ ಹಲಗೆ ಹಾಕಿಸಿದ್ದ. ಬೇಕಾದಾಗ ಬಿಚ್ಚಿ ಹಳ್ಳದ ಮೇಲೆ ಹಾಸಬಹುದಿತ್ತು. ಒಂದೇ ವಸ್ತು, ಎರಡು ಕೆಲಸ. ರಷ್ಯಾದಲ್ಲಿ ಮರದ ಚಕ್ರ ಮುರಿದಾಗ ಹಳ್ಳಿಯ ಬಡಗಿಯೊಬ್ಬ ಕೊಡಲಿ ಹಿಡಿದು ಹೊಸದು ಮಾಡಿಕೊಟ್ಟ. ಆಗಸ್ಟ್ 10ಕ್ಕೆ ಕಾರು ಪ್ಯಾರಿಸ್ ಸೇರಿತು. ಇವತ್ತಿಗೂ ಅದು ಟ್ಯೂರಿನ್‌ನ ಕಾರು ಮ್ಯೂಸಿಯಂನಲ್ಲಿದೆ.

ಈಗ ಲೆಕ್ಕಕ್ಕೆ ಬರೋಣ. 1,000 ಕೆಜಿ ತೂಗೋ ಹಳೇ ಕಾರು ಅಂದ್ಕೊಳ್ಳಿ. ಇಬ್ಬರು ಕೂತರೆ 1,150. ಅದಕ್ಕೆ ಎರಡು ಸ್ಟೆಪ್ನಿ 36 ಕೆಜಿ, 60 ಲೀಟರ್ ಹೆಚ್ಚುವರಿ ಪೆಟ್ರೋಲ್ 45 ಕೆಜಿ, ನೀರು 20, ಟೂಲ್ಸ್ ಮತ್ತು ಬಿಡಿಭಾಗ 60, ಬಟ್ಟೆಬರೆ ಟೆಂಟು 30, ಎಂಜಿನ್ ಕೆಳಗೆ ಸಂಪ್ ಗಾರ್ಡ್ 15. ಒಟ್ಟು 206 ಕೆಜಿ, ಅಂದ್ರೆ ಶೇ. 18ರಷ್ಟು ಹೆಚ್ಚು ಹೊರೆ. ಬರೀ ಹದಿನೆಂಟೇ ತಾನೇ ಅನ್ನಿಸುತ್ತೆ. ಆದ್ರೆ ಮೆಷಿನ್ ಡಿಸೈನ್‌ನಲ್ಲಿ ಓದಿದ ಎಸ್-ಎನ್ ಕರ್ವ್ ನೆನಪಿದೆಯಾ? ವೆಲ್ಡ್ ಮಾಡಿದ ಜಾಗಗಳಿಗೆ ಅದರ ಘಾತಾಂಕ ಸಾಮಾನ್ಯವಾಗಿ 3 ಅಂತ ಹಿಡೀತಾರೆ. ಒತ್ತಡ 1.18 ಪಟ್ಟಾದರೆ ಆಯುಷ್ಯ 1.18ರ ಘನದಷ್ಟು, ಅಂದ್ರೆ 1.64 ಪಟ್ಟು ಕಡಿಮೆ. 10,000 ಕಿ.ಮೀ. ಬಾಳಬೇಕಿದ್ದ ಬ್ರಾಕೆಟ್ 6,100ಕ್ಕೇ ಬಿರುಕು ಬಿಡುತ್ತೆ. ಬೀಜಿಂಗ್‌ನಿಂದ 6,100 ಕಿ.ಮೀ. ಅಂದ್ರೆ ಇನ್ನೂ ಅರ್ಧ ದಾರಿಯೂ ಆಗಿರಲ್ಲ. ಲೆಕ್ಕ ಅಂದಾಜಿನದು, ಹೊಂಡಕ್ಕೆ ಬಿದ್ದಾಗಿನ ಹೊಡೆತ ಇದರಲ್ಲಿ ಸೇರಿಲ್ಲ. ಅದನ್ನ ಸೇರಿಸಿದರೆ ಚಿತ್ರ ಇನ್ನೂ ಕೆಡುತ್ತೆ.

ಹೊರೆ ಹೆಚ್ಚಿದಾಗ ಎಲ್ಲರಿಗೂ ಹೊಳೆಯೋ ಮೊದಲ ಉಪಾಯ: ಹಿಂದಿನ ಲೀಫ್ ಸ್ಪ್ರಿಂಗ್‌ಗೆ ಇನ್ನೊಂದು ಪಟ್ಟಿ ಸೇರಿಸೋದು. ಕಾರು ಎತ್ತರಕ್ಕೆ ನಿಲ್ಲುತ್ತೆ, ಕಲ್ಲು ತಗಲಲ್ಲ. ಆದ್ರೆ ಸ್ಪ್ರಿಂಗ್ ಬಿಗಿಯಾದಷ್ಟೂ ಹೊಡೆತ ಅದರೊಳಗೆ ಕರಗದೆ ಚಾಸಿಗೆ ದಾಟುತ್ತೆ. ಮುರಿಯೋದು ಈಗ ಸ್ಪ್ರಿಂಗ್ ಅಲ್ಲ, ಸ್ಪ್ರಿಂಗ್ ನೇತುಹಾಕಿರೋ ಜಾಗ. ಸ್ಪ್ರಿಂಗ್ ಪಟ್ಟಿ ಮುರಿದರೆ ಲಾರಿ ಓಡೋ ಯಾವ ಊರಲ್ಲಾದ್ರೂ ಏನಾದ್ರೂ ಹೊಂದಿಸಿ ಕೊಡ್ತಾರೆ. ಚಾಸಿ ಹರಿದರೆ ಕಷ್ಟ. ಹಾಗಾಗಿ ಪಟ್ಟಿ ಸೇರಿಸೋ ಮುಂಚೆ ಅದರ ಕೊಂಡಿಗಳ ಹಿಂದೆ ಬಲಕ್ಕೆ ಪ್ಲೇಟು ಬೆಸೆಯಬೇಕು. ಆ ಪ್ಲೇಟಿನ ತುದಿಯೂ ಚೌಕವಾಗಿ ಇರಬಾರದು, ಮೀನಿನ ಬಾಲದ ಹಾಗೆ ಇಳಿಜಾರಾಗಿ ಮುಗಿಯಬೇಕು. ಚೌಕ ಇದ್ದರೆ ಪ್ಲೇಟು ಮುಗಿಯೋ ಗೆರೆಯಲ್ಲೇ ಒತ್ತಡ ಗುಡ್ಡೆ ಬಿದ್ದು ಹೊಸ ಬಿರುಕು ಹುಟ್ಟುತ್ತೆ. ಬಲ ಕೊಡ್ತಾ ಹೋದರೆ ದೌರ್ಬಲ್ಯ ಸಾಯೋದಿಲ್ಲ, ಪಕ್ಕದ ಮನೆಗೆ ಹೋಗುತ್ತೆ ಅಷ್ಟೇ. ಯಾವ ಮನೆಗೆ ಕಳಿಸಬೇಕು ಅನ್ನೋದನ್ನ ನಾವು ಮೊದಲೇ ನಿರ್ಧರಿಸಿರಬೇಕು.

ಶಾಕ್ ಅಬ್ಸಾರ್ಬರ್ ಕಥೆ ಬೇರೆ. ಮಣ್ಣುರಸ್ತೆಯಲ್ಲಿ ಅಡ್ಡಡ್ಡ ಅಲೆ ಅಲೆಯಾಗಿ ಏರಿಳಿತ ಬಿದ್ದಿರುತ್ತಲ್ಲ, ಮಂಗೋಲಿಯಾದ ದಾರಿಗಳಲ್ಲಿ ಅದೇ ಜಾಸ್ತಿ. ಅಲೆಗಳ ನಡುವೆ 75 ಸೆಂ.ಮೀ. ಅಂತರ, ಚಕ್ರದ ಸ್ವಂತ ಕಂಪನ ಸೆಕೆಂಡಿಗೆ 11–12 ಸಲ ಅಂತಿಟ್ಟುಕೊಳ್ಳಿ. ಗಂಟೆಗೆ 30 ಕಿ.ಮೀ. ಆಸುಪಾಸಿನಲ್ಲಿ ಎರಡೂ ತಾಳ ಕೂಡಿ ರೆಸೋನೆನ್ಸ್ ಆಗುತ್ತೆ, ಹಲ್ಲು ಕಟಕಟ ಅನ್ನುತ್ತೆ. 60–70ಕ್ಕೆ ಏರಿಸಿದರೆ ಚಕ್ರ ಅಲೆಗಳ ನೆತ್ತಿ ಮೇಲೆ ತೇಲಿಕೊಂಡು ಹೋಗುತ್ತೆ. ಡ್ರೈವರ್‌ಗೆ ಸುಖ, ಆದ್ರೆ ಹಿಡಿತ ಕಡಿಮೆ, ಶಾಕ್ ಅಬ್ಸಾರ್ಬರ್‌ಗೆ ಪುರುಸೊತ್ತೇ ಇಲ್ಲ. ಅದು ಕುಡಿದ ಶಕ್ತಿಯೆಲ್ಲ ಶಾಖ ಆಗಿ, ಒಳಗಿನ ಎಣ್ಣೆ ತೆಳುವಾಗಿ ನೊರೆ ಕಟ್ಟಿ, ಕೊನೆಗೆ ಬರೀ ಕೊಳವೆ ಉಳಿಯುತ್ತೆ. ಅದಕ್ಕೇ ಒಂದರ ಜಾಗದಲ್ಲಿ ಎರಡು ಹಾಕ್ತಾರೆ, ಇಲ್ಲಾ ಎಣ್ಣೆಗೆ ಹೊರಗಡೆ ಪ್ರತ್ಯೇಕ ಡಬ್ಬಿ ಇರೋದನ್ನ ಹಾಕ್ತಾರೆ. ತಯಾರಿಯಲ್ಲಿ ಇದೊಂದಕ್ಕೆ ಜಿಪುಣತನ ಬೇಡ ಅನ್ನೋದು ನಮ್ಮ ಅಭಿಪ್ರಾಯ.

ಶಾಖದ ಮಾತು ಬಂತು, ರೇಡಿಯೇಟರ್ ನೋಡೋಣ. ಹಳೇ ಕಾರುಗಳು ಕುದಿಯೋದು ಎಲ್ಲರಿಗೂ ಗೊತ್ತು. 4,000 ಮೀಟರ್ ಎತ್ತರದಲ್ಲಿ ನೀರು 87 ಡಿಗ್ರಿಗೇ ಕುದಿಯುತ್ತೆ. ತೀರಾ ಹಳೇ ಕಾರುಗಳ ರೇಡಿಯೇಟರ್ ಮುಚ್ಚಳಕ್ಕೆ ಒತ್ತಡ ಹಿಡಿಯೋ ವ್ಯವಸ್ಥೆ ಇಲ್ಲ. ಥರ್ಮೋಸ್ಟಾಟ್ ತೆರೆಯೋದೇ 80ರ ಮೇಲೆ ಅಂದಮೇಲೆ ಉಳಿದ ಅಂತರ ಎಷ್ಟು ಅಂತ ನೀವೇ ನೋಡಿ. ಅರ್ಧ ಬಾರ್ ಒತ್ತಡ ಹಿಡಿಯೋ ಮುಚ್ಚಳ ಹಾಕಿದರೆ ಅದೇ ಎತ್ತರದಲ್ಲಿ ಕುದಿಬಿಂದು 102–103ಕ್ಕೆ ಏರುತ್ತೆ. ಹಾಗಂತ ಬರೀ ಮುಚ್ಚಳ ಬದಲಿಸಿದರೆ ನಲವತ್ತು ವರ್ಷದ ಬೆಸುಗೆ ಆ ಒತ್ತಡಕ್ಕೆ ಬಾಯಿ ಬಿಡುತ್ತೆ. ರೇಡಿಯೇಟರ್‌ಗೆ ಹೊಸ ಕೋರ್ ಹಾಕಿಸಿ, ಹೋಸ್‌ಗಳನ್ನೆಲ್ಲ ಬದಲಿಸಿ, ಆಮೇಲೆ ಮುಚ್ಚಳ. ಇನ್ನೊಂದು ತಮಾಷೆ: ಕಲ್ಲಿನಿಂದ ಕಾಪಾಡಲಿ ಅಂತ ಹಾಕಿದ ಸಂಪ್ ಗಾರ್ಡ್, ಎಂಜಿನ್ ಕೆಳಗಿಂದ ಬಿಸಿಗಾಳಿ ಹೊರಹೋಗೋ ದಾರಿಯನ್ನೇ ಮುಚ್ಚಿರುತ್ತೆ. ಅದಕ್ಕೆ ಸೀಳು ಕೊರೆಯದಿದ್ದರೆ ಎಂಜಿನ್ ಇನ್ನೂ ಬಿಸಿ.

1997ರಲ್ಲಿ ಈ ಓಟ ಮತ್ತೆ ಶುರುವಾದಾಗ ದಾರಿ ಟಿಬೆಟ್ ಮೇಲೆ ಹೋಗಿ, ನೇಪಾಳದಿಂದ ಭಾರತಕ್ಕೆ ಇಳಿದಿತ್ತು. ಟಿಬೆಟ್‌ನ ಘಾಟಿಗಳು 5,000 ಮೀಟರ್ ದಾಟುತ್ತವೆ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇ. 60 ಮಾತ್ರ. ಕಾರ್ಬುರೇಟರ್‌ನಲ್ಲಿ ಗಾಳಿ-ಪೆಟ್ರೋಲ್ ಅನುಪಾತ ಸಾಂದ್ರತೆಯ ವರ್ಗಮೂಲದ ಹಾಗೆ ಇಳಿಯುತ್ತೆ: 14.7 ಇದ್ದದ್ದು 11.4 ಆಗುತ್ತೆ. ಕಪ್ಪು ಹೊಗೆ, ಮಸಿ ಹಿಡಿದ ಪ್ಲಗ್, ಏರು ಹತ್ತದ ಕಾರು. ಚಿಕ್ಕ ಜೆಟ್‌ಗಳ ಒಂದು ಸೆಟ್ ಇದ್ದರೆ ಹದಿನೈದು ನಿಮಿಷದ ಕೆಲಸ, ತೂಕ ಕೆಲವೇ ಗ್ರಾಂ. ಇಂಥದ್ದನ್ನ ಕಣ್ಣುಮುಚ್ಚಿ ಡಿಕ್ಕಿಗೆ ಹಾಕಬಹುದು. ಕಡಿಮೆ ಆಕ್ಟೇನ್ ಪೆಟ್ರೋಲ್ ಸಿಗೋ ಕಡೆಗಳಿಗೆ ಎಂಜಿನ್‌ನ ಕಂಪ್ರೆಷನ್ ಅನ್ನೇ ಇಳಿಸಿಬಿಡ್ತಾರೆ, ದಪ್ಪ ಹೆಡ್ ಗ್ಯಾಸ್ಕೆಟ್ ಹಾಕಿ. ರೇಸ್ ಟ್ಯೂನಿಂಗ್ ಮಾಡೋರು ಕೇಳಿದರೆ ಎದೆ ಒಡ್ಕೊಳ್ತಾರೆ.

ಪೆಟ್ರೋಲ್ ಪಂಪು ಎಂಜಿನ್ ಪಕ್ಕದಲ್ಲೇ ಇದ್ದು, ಹಿಂದಿನ ಟ್ಯಾಂಕಿನಿಂದ ಹೀರೋದು ಹಳೇ ವಿನ್ಯಾಸ. ಹೀರುವಾಗ ಒತ್ತಡ ಇಳಿಯುತ್ತೆ, ಪಕ್ಕದಲ್ಲಿ ಎಂಜಿನ್ ಬಿಸಿ, ಪೆಟ್ರೋಲ್ ಪೈಪಿನಲ್ಲೇ ಆವಿ. ಅದೇ ವೇಪರ್ ಲಾಕ್. ಟ್ಯಾಂಕಿನ ಹತ್ರ ಎಲೆಕ್ಟ್ರಿಕ್ ಪಂಪ್ ಹಾಕಿ ಅಲ್ಲಿಂದ ತಳ್ಳಿಸಿದರೆ ಪೈಪಿನಲ್ಲಿ ಒತ್ತಡ ಇರುತ್ತೆ, ಆವಿ ಕಟ್ಟೋದು ಕಡಿಮೆ. ರಬ್ಬರ್ ಪೈಪುಗಳನ್ನೂ ಬದಲಿಸಬೇಕು. ಎಥನಾಲ್ ಬೆರೆತ ಪೆಟ್ರೋಲ್ ಹಳೇ ರಬ್ಬರನ್ನ ತಿನ್ನುತ್ತೆ. ಮನೆಯಲ್ಲಿ ತಾತನ ಕಾಲದ ಪದ್ಮಿನಿ ಇರೋರು ಇದನ್ನ ಈಗಲೇ ನೋಡ್ಕೊಳ್ಳಿ, ಪ್ಯಾರಿಸ್‌ವರೆಗೆ ಕಾಯಬೇಡಿ.

ಎಲೆಕ್ಟ್ರಿಕಲ್ ವಿಷಯ ಚಿಕ್ಕದು: ಡೈನಮೊ ತೆಗೆದು ಆಲ್ಟರ್ನೇಟರ್, ಪ್ರತಿ ಸರ್ಕ್ಯೂಟ್‌ಗೂ ಫ್ಯೂಸ್, ಪೂರ್ತಿ ಹೊಸ ವೈರಿಂಗ್. ಜಗಳ ಇರೋದು ಇಗ್ನಿಷನ್ ಬಗ್ಗೆ. ಎಲೆಕ್ಟ್ರಾನಿಕ್ ಇಗ್ನಿಷನ್ ಸವೆಯಲ್ಲ, ಆದ್ರೆ ಕೆಟ್ಟ ದಿನ ಸದ್ದಿಲ್ಲದೆ ಸತ್ತುಹೋಗುತ್ತೆ. ಹಳೇ ಕಾಂಟ್ಯಾಕ್ಟ್ ಪಾಯಿಂಟ್ ಸವೆಯುತ್ತೆ, ಆದ್ರೆ ಚೂರು ಉಪ್ಪುಕಾಗದ ಇದ್ದರೆ ರಸ್ತೆಬದಿಯಲ್ಲೇ ಉಜ್ಜಿ ಎಬ್ಬಿಸಬಹುದು. ನಮ್ಮ ಕ್ಲಬ್ಬಿನಲ್ಲಿ ಇಸಿ ಹುಡುಗರು ಒಂದು ಕಡೆ, ಮೆಕ್ಯಾನಿಕಲ್‌ನವರು ಇನ್ನೊಂದು ಕಡೆ. ಓಡೋದಕ್ಕೆ ಎಲೆಕ್ಟ್ರಾನಿಕ್, ಡಿಕ್ಕಿಯಲ್ಲಿ ಪಾಯಿಂಟ್ ಸಮೇತ ಇಡೀ ಡಿಸ್ಟ್ರಿಬ್ಯೂಟರ್ ಒಂದು ಅಂತ ರಾಜಿಯಾಯಿತು.

ನಟ್ಟು ಬೋಲ್ಟು ಬಗ್ಗೆ ಒಂದು ಮಾತು. ಅಲುಗಾಟಕ್ಕೆ ನಟ್ಟು ಸಡಿಲ ಆಗುತ್ತೆ ಅಂತ ನಾವೆಲ್ಲ ಸ್ಪ್ರಿಂಗ್ ವಾಷರ್ ಹಾಕ್ತೀವಿ. ಬೋಲ್ಟಿನ ಉದ್ದಕ್ಕೆ ಬರೋ ಅಲುಗಾಟಕ್ಕಿಂತ ಅಡ್ಡಕ್ಕೆ ಬರೋ ಅಲುಗಾಟವೇ ನಟ್ಟನ್ನ ಬಿಚ್ಚೋದು ಅಂತ ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲೇ ತೋರಿಸಿದ. ಅಂಥ ಪರೀಕ್ಷೆಯಲ್ಲಿ ಸಾದಾ ಸ್ಪ್ರಿಂಗ್ ವಾಷರ್ ಹೆಚ್ಚು ಹೊತ್ತು ತಡೆಯಲ್ಲ. ಸರಿಯಾದ ಟಾರ್ಕ್, ನೈಲಾಕ್ ನಟ್, ಮುಖ್ಯ ಜಾಗಕ್ಕೆ ತಂತಿ ಕಟ್ಟೋದು, ಇವು ತಡೆಯುತ್ತವೆ. ಬಿಗಿ ಮಾಡಿದ ಮೇಲೆ ನಟ್ಟಿನಿಂದ ಲೋಹದ ಮೇಲೆ ಬರೋ ಹಾಗೆ ಹಳದಿ ಪೇಂಟಿನ ಒಂದು ಗೆರೆ ಎಳೀತಾರೆ. ಸಂಜೆ ಟಾರ್ಚ್ ಹಿಡಿದು ಕಾರಿನ ಕೆಳಗೆ ಮಲಗಿದರೆ ಸಾಕು, ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಅಂತರ್ಥ.

ಬಿಡಿಭಾಗಗಳಲ್ಲಿ ಏನು ಹೊರಬೇಕು ಅನ್ನೋದಕ್ಕೆ 1968ರ ಲಂಡನ್–ಸಿಡ್ನಿ ಮ್ಯಾರಥಾನ್ ಒಳ್ಳೇ ಉದಾಹರಣೆ. ನವೆಂಬರ್ 24ಕ್ಕೆ ಲಂಡನ್ ಬಿಟ್ಟ ಕಾರುಗಳು ಟೆಹ್ರಾನ್, ಕಾಬೂಲ್, ದೆಹಲಿ ದಾಟಿ ಮುಂಬೈಗೆ ಬಂದು, ಅಲ್ಲಿಂದ ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಹೋದವು. ಮುಂಬೈಯಲ್ಲಿ ಮುಂದಿದ್ದದ್ದು ರೋಜರ್ ಕ್ಲಾರ್ಕ್‌ನ ಲೋಟಸ್ ಕಾರ್ಟಿನಾ. ಆಸ್ಟ್ರೇಲಿಯಾದಲ್ಲಿ ಎಂಜಿನ್ ಕೈಕೊಟ್ಟಿತು. ಜೊತೆಯ ತಂಡದ ಕಾರಿನಿಂದ ಸಿಲಿಂಡರ್ ಹೆಡ್ ಬಿಚ್ಚಿ ಹಾಕಿಕೊಂಡರು. ಆಮೇಲೆ ಡಿಫರೆನ್ಷಿಯಲ್ ಹೋಯಿತು. ದಾರಿಯಲ್ಲಿ ಸಿಕ್ಕ ಸ್ಥಳೀಯನೊಬ್ಬನ ಕಾರ್ಟಿನಾದ ಹಿಂದಿನ ಆಕ್ಸಲ್ಲನ್ನೇ ಮಾತಾಡಿಸಿ ಕೊಂಡು ಕೂರಿಸಿದರು. ಗೆಲ್ಲಲಿಲ್ಲ, ಹತ್ತನೇ ಸ್ಥಾನ. ಆದ್ರೆ ಅಷ್ಟು ತೂಕದ ಆಕ್ಸಲ್ಲನ್ನ ಅವರು ಲಂಡನ್‌ನಿಂದ ಹೊತ್ತು ತಂದಿರಲಿಲ್ಲ, ರಸ್ತೆಯಲ್ಲೇ ಸಿಕ್ಕಿತು. ಗೆದ್ದದ್ದು ಆಂಡ್ರ್ಯೂ ಕೊವನ್ ತಂಡದ ಹಿಲ್‌ಮನ್ ಹಂಟರ್, ಮಕ್ಕಳನ್ನ ಸ್ಕೂಲಿಗೆ ಬಿಡೋ ತರಹದ ಸಾಧಾರಣ ಫ್ಯಾಮಿಲಿ ಕಾರು.

ಇದರಿಂದ ಹೊರಡೋ ಲೆಕ್ಕ ಹೀಗೆ: ಹಗುರ ಇದ್ದು, ದಾರಿಯಲ್ಲಿ ಸಿಗದೇ ಇರೋದು, ಅದಿಲ್ಲದೆ ಕಾರು ಓಡದೇ ಇರೋದು, ಇಂಥವು ಡಿಕ್ಕಿಗೆ. ವಾಟರ್ ಪಂಪಿನ ಸೀಲು, ಗ್ಯಾಸ್ಕೆಟ್ ಸೆಟ್, ಚಕ್ರದ ಬೇರಿಂಗ್, ಕ್ಲಚ್ ಪ್ಲೇಟ್, ಫ್ಯಾನ್ ಬೆಲ್ಟ್. ಭಾರ ಇದ್ದು ಎಲ್ಲ ಕಡೆ ಸಿಗೋದು, ಅಂದ್ರೆ ಎಂಜಿನ್ ಆಯಿಲ್ ಡಬ್ಬಿ, ಆ್ಯಂಗಲ್ ಕಬ್ಬಿಣ, ಎರಡನೇ ಬ್ಯಾಟರಿ, ಇವನ್ನ ಮನೆಯಲ್ಲೇ ಬಿಡಿ. ಇನ್ನೊಂದು ಪದ್ಧತಿ ನಮಗೆ ತುಂಬಾ ಇಷ್ಟ ಆಯ್ತು: ಒಯ್ಯೋ ಬಿಡಿಭಾಗ ಪ್ಯಾಕೆಟ್ ಒಡೆಯದ ಹೊಸದಾಗಿರಬಾರದು. ಅದನ್ನ ಮೊದಲು ಕಾರಿಗೆ ಹಾಕಿ 500 ಕಿ.ಮೀ. ಓಡಿಸಿ, ಬಿಚ್ಚಿ, ಆಮೇಲೆ ಪ್ಯಾಕ್ ಮಾಡಬೇಕು. ಹೊಸ ಭಾಗ ಶುರುವಿನಲ್ಲೇ ಕೆಡೋ ಸಾಧ್ಯತೆ ಹೆಚ್ಚು. ರಿಲಯಬಿಲಿಟಿ ಕ್ಲಾಸಿನ ಬಾತ್‌ಟಬ್ ಕರ್ವ್‌ನ ಎಡಗಡೆ ಏರು ಅದೇ. ಜೊತೆಗೆ, ಅದು ನಿಮ್ಮ ಕಾರಿಗೆ ಕೂರುತ್ತೆ ಅನ್ನೋದೂ, ಬಿಚ್ಚೋಕೆ ಯಾವ ಸ್ಪ್ಯಾನರ್ ಬೇಕು ಅನ್ನೋದೂ ಊರಲ್ಲೇ ಗೊತ್ತಾಗುತ್ತೆ. ಆ ಸ್ಪ್ಯಾನರ್‌ಗಳನ್ನಷ್ಟೇ ಒಯ್ದರೆ ಸಾಕು.

ಎಲ್ಲ ತುಂಬಿದ ಮೇಲೆ, ಟ್ಯಾಂಕ್ ಫುಲ್ ಮಾಡಿ, ಇಬ್ಬರೂ ಕೂತು ಕಾರನ್ನ ಲಾರಿಗಳ ತೂಕದ ವೇಬ್ರಿಡ್ಜ್‌ಗೆ ಒಯ್ಯಬೇಕು. ಮುಂದಿನ ಚಕ್ರ ಬೇರೆ, ಹಿಂದಿನ ಚಕ್ರ ಬೇರೆ ತೂಗಿಸಬೇಕು. ಚೀಟಿ ನೋಡಿದ ಮೇಲೆ ಡಿಕ್ಕಿಯಿಂದ ಮೊದಲು ಇಳಿಯೋದು ಸಾಮಾನ್ಯವಾಗಿ ಸೂಟ್‌ಕೇಸು. ಎರಡನೇ ಸ್ಟೆಪ್ನಿ ಉಳಿಸಬೇಕಾ, ಇಲ್ಲಾ ಟೈರು ಮತ್ತು ಟ್ಯೂಬ್ ಮಾತ್ರ ಒಯ್ದು ಡಿಸ್ಕ್ ಬಿಟ್ಟುಹೋಗಬೇಕಾ ಅನ್ನೋ ಚರ್ಚೆ ಆಮೇಲೆ ಶುರುವಾಗುತ್ತೆ. ಅದು ರಾತ್ರಿ ಊಟದವರೆಗೂ ಮುಗಿಯಲ್ಲ.