ಸದ್ದೇ ಕೇಳದವನ ಹಾಡು

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ವಾರಪೂರ್ತಿ ಕೋಡ್ ಬರೆದು ವಾರಾಂತ್ಯಕ್ಕೆ ಜ್ಯಾಮ್ ರೂಮ್ ಹಿಡಿಯುವ ಹುಡುಗರಿಗೆ ಮೆಟಾಲಿಕಾದ ‘ಒನ್’ ಗೊತ್ತಿರಲೇಬೇಕು. 2011ರ ಅಕ್ಟೋಬರ್ 30ರಂದು ಆ ತಂಡ ನಮ್ಮ ಅರಮನೆ ಮೈದಾನದಲ್ಲಿ ನುಡಿಸಿತು. ಎರಡು ದಿನ ಮುಂಚೆ ಗುರುಗಾಂವ್‌ನಲ್ಲಿ ಆಗಬೇಕಿದ್ದ ಕಾರ್ಯಕ್ರಮ ರದ್ದಾಗಿದ್ದರಿಂದ, ಭಾರತದಲ್ಲಿ ಮೆಟಾಲಿಕಾ ಮೊದಲು ಕೇಳಿದ್ದು ಬೆಂಗಳೂರಿಗೇ.

ಹಾಡಿನ ಬೇರು ಒಂದು ಕಾದಂಬರಿಯಲ್ಲಿದೆ. ಡಾಲ್ಟನ್ ಟ್ರಂಬೊ ಬರೆದ ‘ಜಾನಿ ಗಾಟ್ ಹಿಸ್ ಗನ್’ 1939ರ ಸೆಪ್ಟೆಂಬರ್‌ನಲ್ಲಿ, ಎರಡನೇ ಮಹಾಯುದ್ಧ ಹೊತ್ತಿಕೊಂಡ ದಿನಗಳಲ್ಲೇ ಹೊರಬಂತು. ಕಥೆ ಮಾತ್ರ ಮೊದಲನೇ ಯುದ್ಧದ್ದು. ಷೆಲ್ ಸಿಡಿದು ಜೋ ಬೊನಮ್ ಎಂಬ ಸೈನಿಕನ ಕೈ, ಕಾಲು, ಕಣ್ಣು, ಕಿವಿ, ಬಾಯಿ ಎಲ್ಲವೂ ಹೋಗಿವೆ. ಬುದ್ಧಿಗೆ ಮಾತ್ರ ಏನೂ ಆಗಿಲ್ಲ. ಕೊನೆಗೆ ಅವನು ದಿಂಬಿಗೆ ತಲೆ ಬಡಿದು ಮೋರ್ಸ್ ಸಂಕೇತದಲ್ಲಿ ಮಾತಾಡಲು ನೋಡುತ್ತಾನೆ. ನನ್ನನ್ನು ಜನರಿಗೆ ತೋರಿಸಿ, ಯುದ್ಧವೆಂದರೆ ಏನೆಂದು ನೋಡಲಿ ಎಂಬುದು ಅವನ ಬೇಡಿಕೆ. ಸೇನೆ ಒಪ್ಪುವುದಿಲ್ಲ. ದೇಹದೊಳಗೆ ಸೆರೆಯಾದ ಮನಸ್ಸಿನ ಬಗ್ಗೆ ಬರೆಯಬೇಕೆಂಬ ಯೋಚನೆ ಗಾಯಕ ಜೇಮ್ಸ್ ಹೆಟ್‌ಫೀಲ್ಡ್‌ಗೆ ಮೊದಲೇ ಇತ್ತು. ಈ ಪುಸ್ತಕ ಓದಲು ಹೇಳಿದವರು ತಂಡದ ಮ್ಯಾನೇಜರ್ ಕ್ಲಿಫ್ ಬರ್ನ್‌ಸ್ಟೀನ್. ಡ್ರಮ್ಮರ್ ಲಾರ್ಸ್ ಉಲ್ರಿಚ್ ಜೊತೆ ಸೇರಿ ಕಟ್ಟಿದ ಹಾಡು 1988ರ ‘ಆಂಡ್ ಜಸ್ಟಿಸ್ ಫಾರ್ ಆಲ್’ ಆಲ್ಬಂನಲ್ಲಿ ಬಂತು.

ಏಳೂವರೆ ನಿಮಿಷದ ಹಾಡು. ಮೊದಲು ರಣರಂಗದ ಸದ್ದು: ಗುಂಡು, ಸ್ಫೋಟ. ಎಚ್‌ಎಎಲ್ ರನ್‌ವೇಯಿಂದ ಎದ್ದ ಯುದ್ಧವಿಮಾನದ ಆರ್ಭಟ ಕೇಳಿ ಬೆಳೆದ ಮಾರತ್ತಹಳ್ಳಿಯವರಿಗೆ ಇದೇನು ಮಹಾ ಅನ್ನಿಸಬಹುದು. ಆದರೆ ಆ ಸದ್ದು ಅಡಗಿದ ಮೇಲೆಯೇ ಹಾಡು ಶುರುವಾಗುವುದು. ಗಿಟಾರ್ ಒಂದೊಂದೇ ತಂತಿ ಮೀಟುತ್ತಾ ಮೆತ್ತಗೆ ಬರುತ್ತದೆ. ಹೊರಗಿನ ಲೋಕದ ಕದ ಮುಚ್ಚಿತು, ನಾವೀಗ ಜೋನ ತಲೆಯೊಳಗಿದ್ದೇವೆ. ಚರಣ ಮೆದು, ಪಲ್ಲವಿ ಒರಟು, ಮತ್ತೆ ಮೆದು. ಎಚ್ಚರಕ್ಕೆ ಬಂದು ಕಿರುಚಿ ಸುಸ್ತಾದವನ ಉಸಿರಾಟವದು.

ನಾಲ್ಕು ನಿಮಿಷ ದಾಟಿದ ಮೇಲೆ ಕೈಚಳಕದ ಜಾಗ. ಉಲ್ರಿಚ್‌ನ ಎರಡೂ ಕಾಲುಗಳು ಬಾಸ್ ಡ್ರಮ್ ಮೇಲೆ ಆರಾರು ಪೆಟ್ಟಿನ ಗೊಂಚಲು ಹಾಕುತ್ತವೆ. ನಮ್ಮ ಮೃದಂಗದವರಾದರೆ ತಿಶ್ರ ನಡೆಯ ಮೇಲ್ಕಾಲ ಎಂದಾರು. ಗೊಂಚಲು, ಒಂದು ಬಿಡುವು, ಮತ್ತೆ ಗೊಂಚಲು. ಗಿಟಾರ್ ಅಂಗೈಯಿಂದ ತಂತಿ ಅದುಮಿಟ್ಟು ಅದೇ ಲೆಕ್ಕವನ್ನು ಅಕ್ಷರಶಃ ಕುಟ್ಟುತ್ತದೆ. ಇದು ಮಷಿನ್ ಗನ್ ಎಂದು ಎಲ್ಲರೂ ಹೇಳುತ್ತಾರೆ, ಸರಿಯೇ. ನನಗೆ ಮಾತ್ರ ದಿಂಬಿಗೆ ಬಡಿಯುವ ತಲೆಯೂ ಅಲ್ಲಿ ಕೇಳುತ್ತದೆ. ಆರಂಭದಲ್ಲಿ ಹೊರಗಿದ್ದ ಬಂದೂಕು ಈಗ ಕಿವಿಯಿಲ್ಲದವನ ಒಳಗೇ ಹಾರುತ್ತಿದೆ. ಯುದ್ಧ ಕೆಟ್ಟದ್ದು ಎಂಬ ಭಾಷಣ ಹಾಡಿನಲ್ಲೆಲ್ಲೂ ಇಲ್ಲ. ವಾದವನ್ನೆಲ್ಲ ಲಯವೇ ಮಾಡಿಬಿಡುತ್ತದೆ.

ಈ ಆಲ್ಬಂನಲ್ಲಿ ಜೇಸನ್ ನ್ಯೂಸ್ಟೆಡ್‌ನ ಬಾಸ್ ಗಿಟಾರ್ ಕೇಳಿಸುವುದೇ ಇಲ್ಲ ಎಂಬ ದೂರು ಹಳೆಯದು. ಉಳಿದ ಹಾಡುಗಳ ಮಟ್ಟಿಗೆ ನಾನೂ ಒಪ್ಪುತ್ತೇನೆ. ‘ಒನ್’ಗೆ ಮಾತ್ರ ಆ ಒಣಕಲು, ಮೈಯೇ ಇಲ್ಲದ ಸದ್ದು ಹೇಳಿ ಮಾಡಿಸಿದಂತಿದೆ.

ಟ್ರಂಬೊ 1971ರಲ್ಲಿ ತನ್ನ ಕಾದಂಬರಿಯನ್ನು ತಾನೇ ಸಿನಿಮಾ ಮಾಡಿದ್ದ. ಮೆಟಾಲಿಕಾ ಅದರ ಹಕ್ಕನ್ನೇ ಕೊಂಡು, ದೃಶ್ಯಗಳನ್ನು ತಮ್ಮ ನುಡಿಸಾಣಿಕೆಯ ನಡುವೆ ಪೋಣಿಸಿ 1989ರಲ್ಲಿ ತಮ್ಮ ಮೊಟ್ಟಮೊದಲ ವಿಡಿಯೊ ತಂದರು. ಮರುವರ್ಷ ಗ್ರ್ಯಾಮಿಯೂ ಬಂತು.

ಕಲಿಯುವವರು ಸಾಮಾನ್ಯವಾಗಿ ಡಬಲ್ ಪೆಡಲ್‌ಗೇ ಮುಗಿಬೀಳುತ್ತಾರೆ. ಅದು ಸಾಧನೆಯಿಂದ ಬರುತ್ತದೆ, ಮೆಟ್ರೊನೋಮ್ ಇಟ್ಟುಕೊಂಡು ನಿಧಾನಕ್ಕೆ ವೇಗ ಏರಿಸಿದರಾಯಿತು. ಒರಟು ಪಲ್ಲವಿ ಮುಗಿದ ಕೂಡಲೇ, ಏನೂ ಆಗಿಲ್ಲವೆಂಬಂತೆ, ಮತ್ತೆ ಆ ಮೆದು ಮೀಟಿಗೆ ಇಳಿಯುವುದಿದೆಯಲ್ಲ, ಹೆಚ್ಚಿನ ತಂಡಗಳು ಜಾರುವುದು ಅಲ್ಲಿಯೇ.