ಗಣಕಯಂತ್ರದ ಒಂದೇ ಬಾಗಿಲು

ಗಣಕಯಂತ್ರವು ಎಷ್ಟೇ ಸಮರ್ಥವಾಗಿದ್ದರೂ ಒಂಟಿಯಾಗಿ ಕೆಲಸ ಮಾಡಲಾರದು. ಅಕ್ಷರಗಳನ್ನು ಒಳಗೆ ಕಳುಹಿಸಲು ಕೀಲಿಮಣೆ, ಕಾಗದದ ಮೇಲೆ ಮೂಡಿಸಲು ಪ್ರಿಂಟರ್, ಮಾಹಿತಿಯನ್ನು ಕಾಪಿಡಲು ಡಿಸ್ಕ್ ಬೇಕೇ ಬೇಕು. 1990ರ ದಶಕದ ಮೊದಲ ವರ್ಷಗಳಲ್ಲಿ ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ಬಗೆಯ ಕಿಂಡಿಯಿತ್ತು. ಪ್ರಿಂಟರಿನದು 25 ರಂಧ್ರಗಳ ಅಗಲವಾದ ಕಿಂಡಿ, ಕೀಲಿಮಣೆಯದು ದುಂಡನೆಯದು. ಹೊರಗಿನ ಡಿಸ್ಕನ್ನು ಸೇರಿಸಲು ಸ್ಕಜಿ ಎಂಬ ವೇಗವಾದ ಏರ್ಪಾಡಿತ್ತು. ಆದರೆ ಅದರಲ್ಲಿ ಪ್ರತಿಯೊಂದು ಸಾಧನಕ್ಕೂ ಬಳಸುವವನೇ ಒಂದು ಸಂಖ್ಯೆಯನ್ನು ಗೊತ್ತುಮಾಡಬೇಕಾಗಿತ್ತು. ಎರಡು ಸಾಧನಗಳಿಗೆ ಒಂದೇ ಸಂಖ್ಯೆ ಬಿದ್ದರೆ ಕೆಲಸ ಕೆಟ್ಟಂತೆಯೇ!

ಈ ತೊಡಕನ್ನು ನಿವಾರಿಸಲು ಹೊರಟವರಲ್ಲಿ ಅಜಯ್ ಭಟ್ ಒಬ್ಬರು. ಬರೋಡಾದಲ್ಲಿ ಓದಿ ಅಮೆರಿಕಕ್ಕೆ ತೆರಳಿದ್ದ ಇವರು ಇಂಟೆಲ್ ಸಂಸ್ಥೆಯ ಎಂಜಿನಿಯರಾಗಿದ್ದರು. ಮಾರುಕಟ್ಟೆಯಲ್ಲಿ ಪರಸ್ಪರ ಸ್ಪರ್ಧಿಸುತ್ತಿದ್ದ ಸಂಸ್ಥೆಗಳೂ ಸೇರಿ ಒಟ್ಟು ಏಳು ಸಂಸ್ಥೆಗಳು ಒಂದೇ ಕಟ್ಟಳೆಗೆ ಒಪ್ಪಿದವು. ಯಂತ್ರವನ್ನು ರಚಿಸುವುದಕ್ಕಿಂತ ಇದು ಕಷ್ಟದ ಕೆಲಸವೆಂದರೆ ತಪ್ಪಾಗಲಾರದು. ಹೀಗೆ 1996ರಲ್ಲಿ ಯೂನಿವರ್ಸಲ್ ಸೀರಿಯಲ್ ಬಸ್, ಅಂದರೆ ಯು.ಎಸ್.ಬಿ. ಪ್ರಕಟವಾಯಿತು.

ಅದರ ಮೊದಲ ಕೇಬಲ್‌ನಲ್ಲಿ ಇದ್ದುದು ನಾಲ್ಕೇ ತಂತಿಗಳು. ಎರಡು 5 ವೋಲ್ಟ್ ವಿದ್ಯುತ್ತಿಗೆ, ಎರಡು ಮಾಹಿತಿಗೆ. ಇದರ ನಡೆಯು ಸ್ವಾರಸ್ಯಕರವಾಗಿದೆ. ಸಾಧನವನ್ನು ಸಿಕ್ಕಿಸಿದೊಡನೆ ಗಣಕವು ಅದರ ಇರವನ್ನು ಅರಿತು, "ನೀನು ಯಾರು, ನಿನ್ನ ಕೆಲಸವೇನು?" ಎಂದು ವಿಚಾರಿಸುತ್ತದೆ. ಸಾಧನವು ತನ್ನ ತಯಾರಕರ ಸಂಖ್ಯೆಯನ್ನೂ ತನ್ನ ವರ್ಗವನ್ನೂ ತಿಳಿಸುತ್ತದೆ. ಆಗ ಗಣಕವು, ಹೊಸ ವಿದ್ಯಾರ್ಥಿಯನ್ನು ಹಾಜರಿ ಪುಸ್ತಕಕ್ಕೆ ಸೇರಿಸಿಕೊಳ್ಳುವ ಅಧ್ಯಾಪಕನಂತೆ, 1ರಿಂದ 127ರೊಳಗಿನ ಒಂದು ಕ್ರಮಸಂಖ್ಯೆಯನ್ನು ತಾನೇ ಕೊಡುತ್ತದೆ. ಅಲ್ಲಿಂದ ಮುಂದೆ ಗಣಕವು ಕೇಳಿದಾಗ ಮಾತ್ರ ಸಾಧನವು ಉತ್ತರಿಸಬೇಕು. ಬಳಸುವವನಿಗೆ ಇದಾವುದರ ಗೊಡವೆಯೂ ಇಲ್ಲ.

ಆರಂಭದಲ್ಲಿ ಇದರ ಗರಿಷ್ಠ ವೇಗ ಸೆಕೆಂಡಿಗೆ 1 ಕೋಟಿ 20 ಲಕ್ಷ ಬಿಟ್‌ಗಳು. ಕೀಲಿಮಣೆಗೆ ಅದು ಧಾರಾಳ, ಡಿಸ್ಕಿಗೆ ಸಾಲದು. 2000ದಲ್ಲಿ ಅದು 48 ಕೋಟಿಗೂ 2008ರಲ್ಲಿ 500 ಕೋಟಿಗೂ ಏರಿತು. ಹೊರಗಿನ ಡಿಸ್ಕುಗಳೂ ಈ ಬಾಗಿಲಿಗೇ ಬಂದು ಸೇರಿದವು.

ಇದರ ಚಪ್ಪಟೆ ಮೂತಿಯನ್ನು ಮೊದಲ ಸಲಕ್ಕೇ ಸರಿಯಾಗಿ ಸಿಕ್ಕಿಸಿದವರು ವಿರಳ. ಎರಡೂ ಕಡೆಯಿಂದ ಸಿಕ್ಕಿಸುವಂತೆ ಮಾಡಲು ಹೆಚ್ಚು ತಂತಿಗಳೂ ಮಂಡಲಗಳೂ ಬೇಕಾಗಿದ್ದವು. ಬೆಲೆ ಏರಿದರೆ ತಯಾರಕರು ಒಪ್ಪುತ್ತಿರಲಿಲ್ಲ. ಈ ಕೊರತೆ ನೀಗಿದ್ದು 2014ರಲ್ಲಿ, ಟೈಪ್-ಸಿ ರೂಪ ಬಂದಾಗ. 2024ರ ಡಿಸೆಂಬರ್ 28ರಿಂದ ಯುರೋಪಿನ ಒಕ್ಕೂಟವು ಹೊಸದಾಗಿ ಮಾರುವ ಮೊಬೈಲುಗಳಿಗೆ ಇದನ್ನೇ ಕಡ್ಡಾಯ ಮಾಡಿದೆ. ಆದರೂ ಮೂತಿ ಒಂದೇ ಆದ ಮಾತ್ರಕ್ಕೆ ಒಳಗಿನ ತಂತಿಗಳು ಒಂದೇ ಆಗಿರುವುದಿಲ್ಲ. ಕೆಲವು ಟೈಪ್-ಸಿ ಕೇಬಲ್‌ಗಳು ಇಂದಿಗೂ 2000ದ ಆ 48 ಕೋಟಿಯ ಮಿತಿಯನ್ನು ದಾಟಲಾರವು.